ಮನೆ ಇರುವ ಹಾಗೆ

ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಕಚೇರಿಯಲ್ಲಿ ಅವನ ಮನೆಯ ಫೋಟೋಗಳನ್ನು ಅವನಿಗೇ ತೋರಿಸಿದರು. ಶುಲ್ಕದ ನೆರವನ್ನು ನೋಡಿಕೊಳ್ಳುವ ಅಧಿಕಾರಿ, ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡಿದ್ದ ನಡುವಯಸ್ಸಿನ ಹೆಂಗಸು, ಕಂಪ್ಯೂಟರಿನ ಪರದೆಯನ್ನು ಅವನತ್ತ ಅರ್ಧ ತಿರುಗಿಸಿ ಒಂದಾದ ಮೇಲೊಂದು ಚಿತ್ರವನ್ನು ಸರಿಸುತ್ತ ಹೋದರು. ಮುಂದಿನ ಕೋಣೆ, ಅಡುಗೆಮನೆ, ಮಗಳು ಓದುವ ಮೂಲೆ, ಬಚ್ಚಲು, ಹೊರಬಾಗಿಲು. ಪರದೆಯ ಮೇಲೆ ಬೆರಳಿನ ಗುರುತುಗಳಿದ್ದವು. ಅವನಿಗೆ ಮೊದಲು ಕಂಡದ್ದು ಅದು. ಯಾರಾದರೂ ಒರೆಸಿದ್ದರೆ ಕಿಟಕಿಯ ಕಡೆಯ ಬೆಳಕು ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದುಕೊಂಡ.

"ಇದು ನಿಮ್ಮ ಮನೇನಾ?"

"ಹೌದು ಮೇಡಂ."

"ಇದೂ?"

"ಅದೂ ನಮ್ದೇ. ಅಡುಗೆಮನೆ."

"ತುಂಬಾ ಚೆನ್ನಾಗಿದೆ."

"ಥ್ಯಾಂಕ್ಸ್ ಮೇಡಂ," ಎಂದುಬಿಟ್ಟ. ಮೂವತ್ತು ವರ್ಷ ಸ್ಟುಡಿಯೋದ ಕೌಂಟರಿನ ಹಿಂದೆ ನಿಂತು ಆಡಿದ ಮಾತು, ನಾಲಿಗೆ ಅವನನ್ನು ಕೇಳದೆ ಆಡಿತು. ಅಧಿಕಾರಿ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ತಪ್ಪು ಉತ್ತರ ಬರೆದ ಹುಡುಗನನ್ನು ಮೇಷ್ಟರು ನೋಡುವಂಥ ನೋಟ. ಆಗ ಅವನಿಗೆ ತಾನು ಏನಂದೆ ಎನ್ನುವುದು ಅರ್ಥವಾಗಿ ಕಿವಿಯ ಹಿಂದೆ ಬಿಸಿಯಾಯಿತು.

"ಸಮಿತಿಯವರೂ ಅದನ್ನೇ ಅಂದ್ರು," ಎಂದರು ಅಧಿಕಾರಿ. ಆಮೇಲೆ ದಿನಕ್ಕೆ ಹತ್ತು ಸಲ ಹೇಳಿ ಸವೆದ ದನಿಯಲ್ಲಿ, ಆದರೆ ಅವಸರವಿಲ್ಲದೆ ವಿವರಿಸಿದರು. ಓದಿನ ವರ್ಷದ ಖರ್ಚು ಇಷ್ಟು. ಅದರಲ್ಲಿ ಮನೆಯವರು ಎಷ್ಟು ಕೊಡಬಲ್ಲರು ಎಂದು ಸಮಿತಿ ಲೆಕ್ಕ ಹಾಕುತ್ತದೆ. ಉಳಿದದ್ದು ಕೊರತೆ. ಆ ಕೊರತೆಗೆ ಕಾಲೇಜು ನೆರವು ಕೊಡುತ್ತದೆ, ಹಿಂದಿರುಗಿಸಬೇಕಾಗಿಲ್ಲ. ಕೊರತೆ ಕಾಣದಿದ್ದರೆ ಸಾಲ, ಬಡ್ಡಿಯ ಜೊತೆ. "ನಿಮ್ಮ ಆದಾಯದ ಪತ್ರ ಒಂದು ಹೇಳುತ್ತೆ, ಫೋಟೋ ಇನ್ನೊಂದು ಹೇಳುತ್ತೆ. ಎರಡಕ್ಕೂ ತಾಳೆ ಇಲ್ಲ ಅಂದ್ರೆ ಅವರು ಕಣ್ಣನ್ನ ನಂಬ್ತಾರೆ. ಆದಾಯ ಮುಚ್ಚಿಟ್ಟಿದ್ದೀರಿ ಅಂತ ಒಬ್ಬರು ಬರೆದೂ ಬಿಟ್ಟಿದ್ದಾರೆ. ಸಾಲ ಬೇಕಿದ್ರೆ ಈಗಲೇ ಕೊಡಿಸ್ತೀನಿ."

ಸಾಲ ಎಂದ ಕೂಡಲೇ ಅವನ ಕಣ್ಣ ಮುಂದೆ ಬಂದದ್ದು ಸ್ಟುಡಿಯೋದ ಮೂಲೆಯಲ್ಲಿ ಹೊದಿಕೆ ಹೊದ್ದು ಕೂತ ಪ್ರಿಂಟರು. ಅದನ್ನು ತಂದಾಗ ತೆಗೆದ ಸಾಲ ಇನ್ನೂ ತೀರಿರಲಿಲ್ಲ. ಜನ ಫೋಟೋ ಪ್ರಿಂಟ್ ಹಾಕಿಸುವುದನ್ನೇ ಬಿಟ್ಟಿದ್ದರು. ಅದರ ಮೇಲೆ ಮತ್ತೊಂದು ಸಾಲ ಎಂದರೆ ಮಗಳು ಓದಿ ಮುಗಿಸಿದ ದಿನವೇ ಹೊತ್ತು ನಡೆಯಬೇಕಾದ ಗಂಟು. ಕಲ್ಲುಗಳ ಬಗ್ಗೆ ಓದುತ್ತೇನೆ ಎಂದು ಹಟ ಹಿಡಿದವಳು ಅವಳು. ಭೂಮಿಯ ಪದರ, ಬೆಟ್ಟದ ವಯಸ್ಸು. "ಕಲ್ಲು ಓದಿದೋರಿಗೆ ಸಂಬಳ ಯಾರು ಕೊಡ್ತಾರೆ?" ಎಂದು ಅವನು ಕೇಳಿದ್ದಕ್ಕೆ, "ಮುಖ ಓದಿದ ನಿನಗೆ ಯಾರು ಕೊಟ್ರಪ್ಪಾ?" ಎಂದಿದ್ದಳು. ಅವತ್ತು ಮೂವರೂ ನಕ್ಕಿದ್ದರು.

"ಮೇಡಂ, ಅದು ಹಾಗಿಲ್ಲ ಮನೆ," ಎಂದ. ಮಾತು ಹೊರಬಿದ್ದಾಗ ತನ್ನದೇ ದನಿಯಂತೆ ಕೇಳಲಿಲ್ಲ. "ನಾನು ಫೋಟೋಗ್ರಾಫರ್. ಅದಕ್ಕೇ ಹಾಗೆ ಬಂದಿದೆ."

ಅಧಿಕಾರಿ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡು ಮತ್ತೊಮ್ಮೆ ಪರದೆ ನೋಡಿದರು. "ಗೋಡೆ ಮೇಲೆ ಒಂದು ಕಲೆ ಕೂಡ ಇಲ್ವಲ್ಲ?"

"ತೆಗೆದೆ."

"ಹೇಗೆ ತೆಗೆದ್ರಿ?"

ಅವನು ಕಂಪ್ಯೂಟರಿನ ಕಡೆ ಕೈ ತೋರಿಸಿದ. ಅವರು ಉಸಿರು ಬಿಟ್ಟರು. "ನಿಮ್ಮ ಮಗಳ ಅಂಕ ನೋಡಿದ್ದೀನಿ. ನನ್ನ ಕೈಲಿದ್ದಿದ್ರೆ ಬಂದು ನೋಡಿ ಹೋಗ್ತಿದ್ದೆ. ನೂರಾರು ಅರ್ಜಿ, ನಾನೊಬ್ಬಳು. ಇವತ್ತು ನಾಲ್ಕು ಗಂಟೆಗೆ ಪಟ್ಟಿ ಮುಚ್ಚುತ್ತೆ. ಅಷ್ಟರೊಳಗೆ ಬೇರೆ ಫೋಟೋ ಕಳಿಸಿ, ಮತ್ತೊಮ್ಮೆ ಮುಂದಿಡ್ತೀನಿ. ಇರೋ ಹಾಗೆ ತೆಗೀರಿ. ಅಷ್ಟೇ ಕೇಳಿದ್ದು ನಾವು."

ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಹತ್ತಿರವಾಗಿತ್ತು, ನೆರಳುಗಳು ಕಾಲ ಬುಡದಲ್ಲಿ ಮುದುಡಿದ್ದವು. ಫೋಟೋಗೆ ಕೆಟ್ಟ ಹೊತ್ತು. ಕಣ್ಣಿನ ಗುಳಿ, ಕೆನ್ನೆಯ ಮೂಳೆ, ಗೋಡೆಯ ಬಿರುಕು ಎಲ್ಲವನ್ನೂ ಎತ್ತಿ ತೋರಿಸುವ ಹೊತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಆ ಭಾನುವಾರವನ್ನು ನೆನೆದ. ಅರ್ಜಿಯಲ್ಲಿ ಮನೆಯ ಐದು ಫೋಟೋ ಕೇಳಿದ್ದಾರೆ ಎಂದು ಮಗಳು ಹೇಳಿದಾಗ ಅವನಿಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು. ಅಂಕದ ಪಟ್ಟಿ, ಆದಾಯದ ಪತ್ರ, ಸಾಕ್ಷಿಯ ಸಹಿ, ಯಾವುದರಲ್ಲೂ ಅವನ ಕೈ ನಡೆಯುವ ಹಾಗಿರಲಿಲ್ಲ. ಇದೊಂದು ತನ್ನ ಕೆಲಸ. ಸ್ಟುಡಿಯೋದಿಂದ ಬೆಳಕನ್ನು ಮೆತ್ತಗಾಗಿಸುವ ಎರಡು ಛತ್ರಿ ತಂದ. ಸಣ್ಣ ಕೋಣೆಯನ್ನೂ ಸಭಾಂಗಣದಂತೆ ತೋರಿಸುವ ಅಗಲದ ಲೆನ್ಸು ಹಾಕಿದ. ಬಟ್ಟೆ ಒಣಹಾಕುವ ತಂತಿ ಬಿಚ್ಚಿದ, ಸೋರುವ ಕಡೆ ಇಟ್ಟ ಬಕೆಟನ್ನು ಬಚ್ಚಲಿಗೆ ಸಾಗಿಸಿದ, ಬಚ್ಚಲಿನ ಫೋಟೋ ತೆಗೆಯುವಾಗ ಮುಂದಿನ ಕೋಣೆಗೆ ಸಾಗಿಸಿದ. ಕಿಟಕಿಯ ಕಟ್ಟೆಯ ಮೇಲೆ ಮಗಳು ಸಾಲಾಗಿ ಇಟ್ಟಿದ್ದ ಕಲ್ಲುಗಳನ್ನು ಚೀಲಕ್ಕೆ ಸುರಿದು ಮಂಚದ ಕೆಳಗೆ ತಳ್ಳಿದ.

"ಅಪ್ಪಾ, ಇರೋ ಹಾಗೆ ಅಂತ ಬರೆದಿದ್ದಾರೆ," ಎಂದಿದ್ದಳು ಮಗಳು.

"ಇರೋ ಹಾಗೇ ತೆಗೀತಿದ್ದೀನಲ್ಲೇ. ಬೆಳಕು ಮಾತ್ರ ನಂದು."

ಹೆಂಡತಿ ಮಾತ್ರ ಅದಕ್ಕೆ ಮೊದಲೇ ಒಂದು ಕೆಲಸ ಮಾಡಿದ್ದಳು. ಅವಳು ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ಬಿಸಿ ಉರುಳೆಯ ಯಂತ್ರದ ಮುಂದೆ ನಿಲ್ಲುವವಳು. ಹರಿದು ಬಿಸಾಡಿದ ಹಾಸಿಗೆ ಬಟ್ಟೆಗಳನ್ನು ಮನೆಗೆ ತಂದು, ತಿಳಿ ನೀಲಿ ಬಣ್ಣದಲ್ಲಿ ಅದ್ದಿ, ಕಿಟಕಿಗೆ ಪರದೆ ಹೊಲಿದಳು. ಅವನು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಗೋಡೆಯ ತೇವದ ಕಲೆಯನ್ನು ಒರೆಸಿ, ಸೂರಿನ ಮೂಲೆಯ ಮಸಿಯನ್ನು ತೊಳೆದು ತಂದು ತೋರಿಸಿದಾಗ ಬಹಳ ಹೊತ್ತು ನೋಡಿದಳು. "ಒಂದು ದೊಡ್ಡದಾಗಿ ಹಾಕಿಸ್ಕೊಂಡು ಬಾ," ಎಂದಳು. ಅವನು ಪ್ರಿಂಟ್ ಹಾಕಿ ಚೌಕಟ್ಟು ಕಟ್ಟಿಸಿ ತಂದ. ಅವಳು ಅದನ್ನು ಅದೇ ಕೋಣೆಯ ಗೋಡೆಯ ಮೇಲೆ, ಅದೇ ತೇವದ ಕಲೆಯ ಪಕ್ಕದಲ್ಲಿ ತೂಗುಹಾಕಿದಳು. ಮನೆಯೊಳಗೆ ಮನೆಯ ಫೋಟೋ. ಬಂದವರು ಇದು ಯಾರ ಮನೆ ಎಂದು ಕೇಳಿದರೆ, "ನಮ್ಮದೇ," ಎನ್ನುತ್ತಿದ್ದಳು. ಕೇಳಿದವರು ಸುತ್ತ ಕಣ್ಣಾಡಿಸುತ್ತಿದ್ದರು.

ಕ್ಯಾಮೆರಾ ತೆಗೆದುಕೊಳ್ಳಲು ಸ್ಟುಡಿಯೋಗೆ ಹೋದ. ಅದರ ಮುಂಭಾಗದ ಅರ್ಧ ಮೆಟ್ಟಿಲನ್ನು ಬೀಗದ ಕೈ ಮಾಡುವವನಿಗೆ ಬಾಡಿಗೆಗೆ ಕೊಟ್ಟು ವರ್ಷಗಳಾಗಿದ್ದವು. ಅವನು ಅರ ಉಜ್ಜುವುದನ್ನು ನಿಲ್ಲಿಸದೆ ಕೇಳಿದ, "ಏನ್ ಸ್ಟುಡಿಯೋ, ಮುಖ ಯಾಕೆ ಹೀಗೆ ಇಂಗು ತಿಂದ ಮಂಗನ ಹಾಗಿದೆ? ಕೊಟ್ರಾ ಇಲ್ವಾ?"

"ಮನೆ ಚೆನ್ನಾಗಿದೆ ಅಂದ್ರು."

"ಯಾರ ಮನೆ?"

"ನಮ್ಮನೆ."

ಅರ ನಿಂತಿತು. "ಕೆಟ್ಟ ಫೋಟೋ ತೆಗೆದು ಬೈಸ್ಕೊಂಡೋರನ್ನ ನೋಡಿದ್ದೀನಪ್ಪ. ಒಳ್ಳೇದು ತೆಗೆದು ದಂಡ ಹಾಕಿಸ್ಕೊಂಡೋನು ನೀನೊಬ್ಬನೇ. ಒಂದು ಕೆಲಸ ಮಾಡು. ನಮ್ಮನೆ ಫೋಟೋ ತೆಗೆದು ಕಳಿಸು. ಏನೂ ಮಾಡಬೇಕಾಗಿಲ್ಲ, ಬಾಗಿಲು ತೆಗೆದ್ರೆ ಸಾಕು, ಸಮಿತಿಯವರೇ ಎದ್ದು ಅತ್ತುಬಿಡ್ತಾರೆ." ನಕ್ಕ. ಎದುರಿಗಿದ್ದವನು ನಗಲಿಲ್ಲ ಎಂದು ತಿಳಿದ ಮೇಲೆ ಮತ್ತೆ ಅರ ಹಿಡಿದು, ತಗ್ಗಿದ ದನಿಯಲ್ಲಿ, "ಹೋಗು, ಹೊತ್ತಾಗುತ್ತೆ. ಯಾರಾದ್ರೂ ಬಂದ್ರೆ ನಾನು ಕೂರಿಸಿರ್ತೀನಿ," ಎಂದ.

ಒಳಗೆ ಗೋಡೆಯ ಮೊಳೆಗೆ ಕಪ್ಪು ಕೋಟು ನೇತಾಡುತ್ತಿತ್ತು. ಪಾಸ್‌ಪೋರ್ಟ್ ಫೋಟೋಗೆ ಬರುವವರಿಗಾಗಿ ಇಟ್ಟ ಕೋಟು. ಸಣಕಲರಿಗೂ ದಪ್ಪಗಿನವರಿಗೂ ಆಗಲಿ ಎಂದು ಬೆನ್ನನ್ನು ಉದ್ದಕ್ಕೆ ಸೀಳಿಸಿದ್ದ. ಮುಂದಿನಿಂದ ಕೋಟು, ಹಿಂದಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಸಾಲು. ಬೆಳಿಗ್ಗೆ ಅದನ್ನೇ ಹಾಕಿಕೊಂಡು ಕಾಲೇಜಿಗೆ ಹೊರಟಿದ್ದ, ಬೀಗದ ಕೈಯವನು ತಡೆದು, "ನೆರವು ಕೇಳೋಕೆ ಹೋಗ್ತಿದ್ದೀಯೋ ಹೆಣ್ಣು ನೋಡೋಕೋ?" ಎಂದು ಬಿಚ್ಚಿಸಿದ್ದ. ಕಾಗದದಲ್ಲಿ ಹೋಗುವ ಮನುಷ್ಯ ಚೆನ್ನಾಗಿ ಕಾಣಬೇಕು ಎನ್ನುವುದನ್ನು ಬಿಟ್ಟು ಅವನಿಗೆ ಬೇರೆ ತಿಳಿದಿರಲಿಲ್ಲ. ಒಮ್ಮೆ ಒಂದು ಮನೆಯವರು ತೀರಿಹೋದ ಮುದುಕನ ಫೋಟೋ ತಂದಿದ್ದರು, ಬದುಕಿದ್ದಾಗಿನದು ಒಂದೂ ಇಲ್ಲ, ಕಣ್ಣು ತೆರೆಸಿ ಕೊಡಿ ಎಂದು. ಅವನು ತನ್ನ ತಂದೆಯ ಫೋಟೋದಿಂದ ಕಣ್ಣುಗಳನ್ನು ತೆಗೆದು ಆ ಮುಖಕ್ಕೆ ಇಟ್ಟುಕೊಟ್ಟಿದ್ದ. ಮುದುಕನ ಮಗಳು ಅದನ್ನು ನೋಡಿ ಅತ್ತು, "ಹೀಗೇ ನೋಡ್ತಿದ್ದ ನಮ್ಮಪ್ಪ," ಎಂದಳು. ಅಂದು ರಾತ್ರಿ ಊಟ ಸೇರಲಿಲ್ಲ, ಆದರೆ ಕೆಲಸದಲ್ಲಿ ತಪ್ಪು ಮಾಡಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಜನ ಬರುವುದೇ ಅದಕ್ಕೆ. ಇರುವ ಹಾಗೆ ಬೇಕು ಎಂದು ದುಡ್ಡು ಕೊಟ್ಟವರನ್ನು ಅವನು ಈ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಮನೆಯಲ್ಲಿ ಹೆಂಡತಿ ಮಧ್ಯಾಹ್ನದ ಪಾಳಿಗೆ ಹೊರಡಲು ತಲೆ ಬಾಚುತ್ತಿದ್ದಳು. ಮಗಳು ಕಿಟಕಿಯ ಕಟ್ಟೆಗೆ ಒರಗಿ ನಿಂತಿದ್ದಳು. ಅವನ ಮುಖ ನೋಡಿಯೇ ಅರ್ಧ ತಿಳಿದುಕೊಂಡಳು. ಉಳಿದರ್ಧವನ್ನು ಅವನು ನೆಲ ನೋಡುತ್ತ ಹೇಳಿದ. ಮನೆ ಚೆನ್ನಾಗಿದೆ ಎಂದರು ಎಂಬುದನ್ನು ಹೇಳಿದ, ತಾನು ಥ್ಯಾಂಕ್ಸ್ ಅಂದದ್ದನ್ನು ಹೇಳಲಿಲ್ಲ.

"ಚೆನ್ನಾಗಿದ್ರೆ ತಪ್ಪೇನು?" ಎಂದಳು ಹೆಂಡತಿ. "ಓದೋ ಮಕ್ಕಳ ಮನೆ ಗಲೀಜಾಗಿರಬೇಕಾ?"

"ಅಮ್ಮಾ, ಗಲೀಜು ಅಂತ ಅಲ್ಲ. ನಮ್ಮತ್ರ ಕೊಡೋಕಿಲ್ಲ ಅಂತ ಅವರಿಗೆ ಕಾಣಬೇಕು."

"ಇಲ್ಲ ಅಂತ ಬರೆದು ಕೊಟ್ಟಿದ್ದೀವಲ್ಲ."

"ಬರೆದಿದ್ದನ್ನ ಎಲ್ಲರೂ ಬರೀತಾರೆ."

ಹೆಂಡತಿ ಬಾಚಣಿಗೆ ಇಟ್ಟಳು. ಕಿಟಕಿಯ ನೀಲಿ ಪರದೆಯನ್ನು ಅವಳೇ ಬಿಚ್ಚಿ, ಮಡಿಸಿ, ಕಪಾಟಿನಲ್ಲಿ ಇಟ್ಟಳು. ಕಾರ್ಖಾನೆಯಲ್ಲಿ ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಅವನು ಗೋಡೆಯ ಮೇಲಿನ ಚೌಕಟ್ಟಿನ ಕಡೆ ಕೈ ಚಾಚಿದಾಗ ಮಾತ್ರ, "ಅದು ಇರಲಿ," ಎಂದಳು. ದನಿ ಏರಲಿಲ್ಲ. ಅವನು ಕೈ ಇಳಿಸಿದ.

ಪರದೆಯಿಲ್ಲದ ಕಿಟಕಿಯಿಂದ ಬಿಸಿಲು ನೇರವಾಗಿ ಗೋಡೆಗೆ ಬಡಿಯಿತು. ತೇವದ ಕಲೆ ಅವನು ನೆನಪಿಟ್ಟುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಕಂಪ್ಯೂಟರಿನಲ್ಲಿ ಒರೆಸಿದ ಮೇಲೆ ಅವನು ಅದನ್ನು ನೋಡುವುದನ್ನೇ ಬಿಟ್ಟಿದ್ದನೋ ಏನೋ, ಅದು ಅವನ ಬೆನ್ನ ಹಿಂದೆ ಬೆಳೆಯುತ್ತಲೇ ಇತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದ. ಕಲೆ ಚಿತ್ರದ ಎಡಕ್ಕೆ ಜಾಸ್ತಿ ಸರಿದಿತ್ತು. ಒಂದು ಹೆಜ್ಜೆ ಹಿಂದೆ ಹೋದ. ಬಲಗಡೆ ಖಾಲಿ ಕಂಡಿತು. ಬಕೆಟ್ ತಂದು ಬಲಗಡೆ ಇಟ್ಟ. ಅದರ ಹಿಡಿ ಬೆಳಕಿಗೆ ಅಡ್ಡವಾಯಿತು, ತಿರುಗಿಸಿದ. ಬಟ್ಟೆಯ ತಂತಿಯನ್ನು ಮತ್ತೆ ಕಟ್ಟಿದ, ಅದರ ಮೇಲೆ ತನ್ನ ಹರಿದ ಬನಿಯನ್ ಹಾಕಿದ, ಅದು ಕಲೆಯನ್ನು ಮುಚ್ಚಿತೆಂದು ಒಂದು ಗೇಣು ಈಚೆ ಎಳೆದ. ಮಂಚದ ಹಾಸಿಗೆಯ ಅಂಚನ್ನು ಎತ್ತಿ, ಕೆಳಗೆ ಆಧಾರಕ್ಕೆ ಇಟ್ಟ ಇಟ್ಟಿಗೆ ಕಾಣುವ ಹಾಗೆ ಮಾಡಿದ. ಕೈಗೆ ಕೆಲಸ ಸಿಕ್ಕಿತ್ತು. ಇದನ್ನೂ ಚೆನ್ನಾಗಿ ಮಾಡಬಹುದು ಎನ್ನುವುದು ಅವನ ಬೆರಳಿಗೆ ಹೊಳೆದಿತ್ತು.

"ಅಪ್ಪಾ, ಬಕೆಟ್ ಅಲ್ಲಿರಲ್ಲ. ಅಲ್ಲಿ ಸೋರಲ್ಲ."

"ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತೆ?"

ಅವನು ಹೆಂಡತಿಯನ್ನು ಅಡುಗೆಮನೆಯ ಬಾಗಿಲಿನಲ್ಲಿ ನಿಲ್ಲಿಸಿದ. ಮನುಷ್ಯರಿಲ್ಲದ ಮನೆ ಸುಳ್ಳಿನ ಹಾಗೆ ಕಾಣುತ್ತದೆ ಎಂದ. ಅವಳು ನಿಂತಳು. ಕ್ಯಾಮೆರಾದೊಳಗಿಂದ ನೋಡಿದ: ತಲೆ ಬಾಚಿಕೊಂಡಿದ್ದಳು, ಕೆಲಸಕ್ಕೆ ಹೋಗುವ ಒಗೆದ ಬಟ್ಟೆ ಹಾಕಿದ್ದಳು. ಏನೋ ಸಾಲದು. ಆಗ ಅವನ ಬಾಯಿಂದ ಆ ಮಾತು ಬಂತು, ಸ್ಟುಡಿಯೋದಲ್ಲಿ ಗಲ್ಲ ಸ್ವಲ್ಪ ಎತ್ತಿ ಎಂದು ಗಿರಾಕಿಗಳಿಗೆ ಹೇಳುವಷ್ಟು ಸಹಜವಾಗಿ ಬಂತು.

"ತೋಳು ಸ್ವಲ್ಪ ಮೇಲಕ್ಕೆ ಮಡಿಸು. ಬಲಗೈದು."

ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗುರುತು ಇತ್ತು. ಮಗಳು ಶಾಲೆಗೆ ಸೇರಿದ ವರ್ಷ ಬಿಸಿ ಉರುಳೆ ಕೊಟ್ಟದ್ದು. ಆ ವರ್ಷ ಮೂವರೂ ಕೂತು ಒಂದು ಫೋಟೋ ತೆಗೆಸಿಕೊಂಡಿದ್ದರು. ಅವನು ಆ ಕೈಯನ್ನು ತಿದ್ದಿ, ಹತ್ತೊಂಬತ್ತರ ಹುಡುಗಿಯ ಕೈಯಂತೆ ನುಣುಪಾಗಿ ಮಾಡಿಕೊಟ್ಟಿದ್ದ. ಅವಳು ಫೋಟೋ ನೋಡಿದಳು, ತನ್ನ ಕೈ ನೋಡಿಕೊಂಡಳು, ಅಲ್ಲಿಂದಾಚೆಗೆ ಉದ್ದ ತೋಳಿನ ಬಟ್ಟೆ ಹಾಕಲು ಶುರುಮಾಡಿದಳು. ಅವನು ಅದಕ್ಕೂ ಇದಕ್ಕೂ ಗಂಟು ಹಾಕಿರಲಿಲ್ಲ. ಹಾಕಿದ್ದನೋ ಏನೋ, ನೋಡದೆ ಸರಿಸಿ ಇಟ್ಟಿದ್ದ.

ಈಗ ಅವಳು ತೋಳಿನ ಗುಂಡಿ ಬಿಚ್ಚಿದಳು. ಒಂದು ಮಡಿಕೆ, ಎರಡು ಮಡಿಕೆ. ಅಂಚಿಗೆ ಅಂಚು ಕೂಡಿಸಿ. ಬಾಗಿಲಿನ ಬದಿಯಿಂದ ಬಂದ ಬೆಳಕು ಆ ಗುರುತಿನ ಮೇಲೆ ಓರೆಯಾಗಿ ಬಿದ್ದು ಒಂದೊಂದು ಸುಕ್ಕನ್ನೂ ಬಿಡಿಸಿ ತೋರಿಸಿತು. ಎಷ್ಟು ಒಳ್ಳೆಯ ಬೆಳಕು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಅದು ಯಾವುದರ ಮೇಲೆ ಬಿದ್ದ ಬೆಳಕು ಎಂಬುದೂ ಕಂಡಿತು. ಆದರೂ ಬೆರಳು ಕ್ಯಾಮೆರಾದ ಗುಂಡಿಯ ಮೇಲೇ ಇತ್ತು.

"ಸಾಕು ಅಪ್ಪಾ," ಎಂದಳು ಮಗಳು.

ಅವಳು ಕೂಗಲಿಲ್ಲ. ಬಂದು ಅಮ್ಮನ ತೋಳನ್ನು ತಾನೇ ಕೆಳಗೆ ಇಳಿಸಿ ಗುಂಡಿ ಹಾಕಿದಳು. "ನೀನು ಹೊರಡಮ್ಮಾ, ಪಾಳಿಗೆ ಹೊತ್ತಾಯ್ತು." ಹೆಂಡತಿ ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಅವನ ಕಡೆ ನೋಡದೆ, "ಬಾಗಿಲ ಹಿಂದೆ ಚಹಾ ಇದೆ, ಬಿಸಿ ಮಾಡ್ಕೋ," ಎಂದಳು. ಬಾಗಿಲ ಹಿಂದೆ ಎಂದರೆ ಒಲೆಯ ಪಕ್ಕದ ಮೂಲೆ ಎನ್ನುವುದು ಮೂವರಿಗೆ ಮಾತ್ರ ತಿಳಿಯುವ ಲೆಕ್ಕ. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಅವನು ಮಂಚದ ಮೇಲೆ ಕೂತ. ಕ್ಯಾಮೆರಾ ತೊಡೆಯ ಮೇಲಿತ್ತು. ಮಗಳು ತಂತಿಯ ಮೇಲಿನ ಬನಿಯನ್ ಎಳೆದು ಮೂಲೆಗೆ ಹಾಕುವುದನ್ನು, ಬಕೆಟನ್ನು ಅದರ ಜಾಗಕ್ಕೆ ಒಯ್ಯುವುದನ್ನು, ಮಂಚದ ಕೆಳಗಿನ ಚೀಲ ತೆಗೆದು ಕಲ್ಲುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಮೊದಲಿದ್ದ ಸಾಲಿನಲ್ಲೇ ಜೋಡಿಸುವುದನ್ನು ಕೇಳಿಸಿಕೊಂಡ. ಕಲ್ಲು ಕಲ್ಲಿಗೆ ತಾಗುವ ಸಣ್ಣ ಸದ್ದು. ಆಮೇಲೆ ಅವಳ ಫೋನಿನ ಸುಳ್ಳು ಕ್ಲಿಕ್, ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಎಲ್ಲಿ ನಿಲ್ಲಬೇಕೆಂದು ಅವಳು ಯೋಚಿಸಲಿಲ್ಲ, ನಿಂತಲ್ಲಿಂದ ತೆಗೆದಳು. ಬೆಳಕಿಗೆ ಎದುರಾಗಿ ನಿಂತಿದ್ದೀಯ ಎಂದು ಹೇಳಲು ಅವನು ಬಾಯಿ ತೆರೆದ, ಮುಚ್ಚಿದ. ಅವಳು ಚಿಕ್ಕವಳಿದ್ದಾಗ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿದರೆ ಕಣ್ಣು ಪಿಳುಕಿಸದೆ ಲೆನ್ಸನ್ನೇ ನೋಡುತ್ತಿದ್ದಳು, ಅದರೊಳಗೆ ಯಾರೋ ಇದ್ದಾರೆ ಎನ್ನುವ ಹಾಗೆ. ಅದರೊಳಗೆ ಯಾರಿದ್ದಾರೆ ಎಂದು ಕೇಳಿದರೆ, "ಚೆನ್ನಾಗಿರೋ ನಾನು," ಎಂದಿದ್ದಳು. ಆ ಮಾತನ್ನು ಅವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

"ಹೋಗ್ತಿಲ್ಲ," ಎಂದಳು ಮಗಳು. "ಸೈಜ್ ದೊಡ್ಡದು ಅಂತ ತೋರಿಸ್ತಿದೆ. ಕಡಿಮೆ ಮಾಡಬೇಕು." ಆಮೇಲೆ ಸ್ವಲ್ಪ ತಡೆದು, "ನಿನ್ನ ಕಂಪ್ಯೂಟರಿಗೆ ಕಳಿಸಿದ್ದೀನಿ. ಸೈಜ್ ಮಾತ್ರ, ಅಪ್ಪಾ."

"ಸೈಜ್ ಮಾತ್ರ," ಎಂದ.

ಸ್ಟುಡಿಯೋ ತಲುಪಿದಾಗ ಮೂರು ಗಂಟೆ ದಾಟಿತ್ತು. ಬೀಗದ ಕೈಯವನು ಅವನ ಮುಖ ನೋಡಿ ಈ ಸಲ ಕಾಲು ಮಡಚಿ ದಾರಿ ಬಿಟ್ಟ. ಒಳಗಿನ ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಕಂಪ್ಯೂಟರ್ ಹಾಕಿ ಕೂತ. ಅರ್ಜಿ ತುಂಬುವವರು ದಿನವೂ ಬಂದು ಮಾಡಿಸಿಕೊಂಡು ಹೋಗುವ ಕೆಲಸ, ನಿದ್ದೆಗಣ್ಣಿನಲ್ಲೂ ಮಾಡಬಲ್ಲ. ಮೊದಲ ಫೋಟೋ ತೆರೆದ. ಅಡುಗೆಮನೆ, ವಾಲಿಕೊಂಡಿದೆ, ಒಂದು ಕಡೆ ಬಿಳಿಚಿದೆ. ಸೈಜ್ ಇಳಿಸಿದ, ಉಳಿಸಿದ. ಬಚ್ಚಲು. ಹೊರಬಾಗಿಲು. ಕಿಟಕಿಯ ಕಟ್ಟೆ, ಅದರ ಮೇಲೆ ಅವಳ ಕಲ್ಲುಗಳು, ಕಪ್ಪನೆಯವು, ಪದರ ಪದರವಾದವು, ಅರ್ಧ ಒಡೆದು ಒಳಗೆ ಹೊಳೆಯುವ ಒಂದು. ಅವು ಕಸದ ಹಾಗೆಯೇ ಕಾಣುತ್ತಿದ್ದವು, ಜೊತೆಗೆ ಯಾರೋ ದಿನವೂ ಮುಟ್ಟುವ ವಸ್ತುಗಳ ಹಾಗೂ ಕಾಣುತ್ತಿದ್ದವು.

ಐದನೆಯದರಲ್ಲಿ ಮುಂದಿನ ಕೋಣೆ. ತೇವದ ಕಲೆ, ಅದರ ಪಕ್ಕದಲ್ಲಿ ಚೌಕಟ್ಟಿನೊಳಗೆ ನೀಲಿ ಪರದೆಯ ಆ ಇನ್ನೊಂದು ಮನೆ, ಚಿಕ್ಕದಾಗಿ, ಸ್ವಚ್ಛವಾಗಿ. ಕೆಳಗೆ ಮಂಚ. ಮಂಚದ ಮೇಲೆ ಯಾರೋ ಒಬ್ಬ ಮುದುಕ ಕೂತಿದ್ದ. ಹೆಗಲು ಇಳಿಬಿದ್ದಿತ್ತು, ಬಾಯಿ ಏನೋ ಹೇಳಹೊರಟು ನಿಂತಂತೆ ಅರ್ಧ ತೆರೆದಿತ್ತು, ಕಿಟಕಿಯ ಬಿಸಿಲು ಮೇಲಿನಿಂದ ಬಿದ್ದು ಕಣ್ಣುಗಳು ಗುಳಿಯಲ್ಲಿ ಕಾಣದೆ ಹೋಗಿದ್ದವು. ಕೈಗಳು ತೊಡೆಯ ಮೇಲೆ ಯಾವುದನ್ನೋ ಬಿದ್ದುಹೋಗದಂತೆ ಹಿಡಿದಿದ್ದವು. ಅದು ಕ್ಯಾಮೆರಾ ಎಂದು ತಿಳಿದ ಮೇಲೆ ಅವನಿಗೆ ಅದು ತಾನೇ ಎಂದು ತಿಳಿಯಿತು. ಸಾವಿರಾರು ಮುಖಗಳನ್ನು ತಿದ್ದಿದವನು ತನ್ನ ಮುಖವನ್ನು ಈ ಕೋನದಿಂದ ನೋಡಿರಲಿಲ್ಲ. ಅವಳು ಬೇಕೆಂದೇ ತೆಗೆದಳೋ, ಕೋಣೆಯಲ್ಲಿ ಇದ್ದದ್ದರ ಜೊತೆ ಅವನೂ ಬಂದನೋ? ಕೇಳುವ ಹಾಗಿರಲಿಲ್ಲ. ಇರುವ ಹಾಗೆ ಎಂದರೆ ಕೋಣೆಯಲ್ಲಿ ಇದ್ದವನನ್ನೂ ಬಿಡುವ ಹಾಗಿಲ್ಲ.

ಬಾಣದ ಗುರುತು ತಾನಾಗಿಯೇ ಹೋಗಿ ಕಣ್ಣಿನ ಕೆಳಗಿನ ಕಪ್ಪಿನ ಮೇಲೆ ನಿಂತಿತು. ಅಲ್ಲಿ ಎರಡು ಸಲ ಒತ್ತಿದರೆ ಸಾಕು. ಬಾಯಿಯ ಆ ತೆರವನ್ನು ಮುಚ್ಚಲು ಒಂದು ನಿಮಿಷ. ಇಲ್ಲವೇ ಅಂಚನ್ನು ಒಂದಿಷ್ಟು ಕತ್ತರಿಸಿದರೆ ಮನುಷ್ಯನೇ ಇರುವುದಿಲ್ಲ, ಕಲೆ ಮತ್ತು ಮಂಚ ಇರುತ್ತವೆ, ಕೇಳಿದ್ದೂ ಮನೆಯನ್ನೇ. ಹೊರಗೆ ಅರ ಉಜ್ಜುವ ಸದ್ದು ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಅವನಿಗೆ ಹೆಂಡತಿ ತೋಳು ಮಡಿಸಿದ ರೀತಿ ನೆನಪಾಯಿತು, ಒಂದು ಮಡಿಕೆ, ಎರಡು ಮಡಿಕೆ, ಕಾರ್ಖಾನೆಯ ಬಟ್ಟೆಯನ್ನು ಮಡಿಸುವಷ್ಟು ಅಚ್ಚುಕಟ್ಟಾಗಿ. ಸೈಜ್ ಇಳಿಸಿದ. ಬೇರೆ ಏನನ್ನೂ ಮುಟ್ಟಲಿಲ್ಲ. ಕಳಿಸುವ ಗುಂಡಿ ಒತ್ತಿ, ತಲುಪಿತು ಎನ್ನುವ ಸಾಲು ಮೂಡುವವರೆಗೆ ಉಸಿರು ಹಿಡಿದು ಕೂತಿದ್ದ.

ಎರಡು ದಿನ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಕಿಟಕಿಗೆ ಪರದೆ ಮತ್ತೆ ಬರಲಿಲ್ಲ. ಹೆಂಡತಿ ಪಾಳಿಯಿಂದ ಬಂದು, ಉಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಒಮ್ಮೆ ಅವನು ಕತ್ತಲಿನಲ್ಲಿ, "ನೋವಿದೆಯಾ ಈಗಲೂ ಆ ಕೈ?" ಎಂದು ಕೇಳಿದ. "ಯಾವ ಕೈ?" ಎಂದಳು. ಆಮೇಲೆ ಹೊದಿಕೆಯನ್ನು ಎಳೆದುಕೊಂಡು, "ಚಳಿಗೆ ಹಿಡ್ಕೊಳ್ಳುತ್ತೆ," ಎಂದಳು. ಇಷ್ಟು ವರ್ಷದಲ್ಲಿ ಅದು ಅವನಿಗೆ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಗಿರಾಕಿಯೊಬ್ಬನಿಗೆ ಕೋಟು ತೊಡಿಸಿ ಬೆನ್ನಿಗೆ ಕ್ಲಿಪ್ಪು ಹಾಕುತ್ತಿದ್ದಾಗ ಫೋನು ಬಂತು. ನೆರವಿನ ಅಧಿಕಾರಿ.

"ನಿಮ್ಮ ಮಗಳಿಗೆ ಪೂರ್ತಿ ನೆರವು ಸಿಕ್ಕಿದೆ," ಎಂದರು. "ಮೊದಲು ನಿಮಗೇ ಹೇಳೋಣ ಅಂತ."

ಅವನು ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ಗೋಡೆಗೆ ಒರಗಿದ. ಆ ಕಡೆಯಿಂದ ದನಿ ಮೆತ್ತಗಾಯಿತು.

"ಆರೋಗ್ಯ ಹೇಗಿದೆ ಈಗ?"

"ಯಾರದು ಮೇಡಂ?"

"ನಿಮ್ಮದೇ. ಆ ಫೋಟೋ ನೋಡಿ ಸಮಿತಿಯವರು ಸುಮ್ಮನಾಗಿಬಿಟ್ರು. ತಂದೆಗೆ ತೀವ್ರ ಅನಾರೋಗ್ಯ, ದುಡಿಯೋ ಸ್ಥಿತೀಲಿಲ್ಲ ಅಂತ ಬರ್ಕೊಂಡಿದ್ದಾರೆ. ಅದರ ಮೇಲೇ ಕೊಟ್ಟಿದ್ದು. ಅವತ್ತು ನೀವು ಬಂದಾಗ ನನಗೆ ಗೊತ್ತಾಗಲಿಲ್ಲ ನೋಡಿ, ಅಷ್ಟು ದೂರ ಬಂದಿದ್ರಿ."

ಕೋಟಿನವನು ಕನ್ನಡಿಯಲ್ಲಿ ತನ್ನ ಮುಂಭಾಗ ನೋಡಿಕೊಳ್ಳುತ್ತಿದ್ದ. ಕ್ಲಿಪ್ಪಿಲ್ಲದ ಬೆನ್ನು ಎರಡು ಕಡೆಗೂ ಬಿಟ್ಟುಕೊಂಡು, ಒಳಗಿನ ಬೆವರಿನ ಅಂಗಿ ಕಾಣುತ್ತಿತ್ತು.

"ಪರವಾಗಿಲ್ಲ ಮೇಡಂ," ಎಂದ ಅವನು. "ಈಗ ಪರವಾಗಿಲ್ಲ."

ಪೂರ್ತಿ ನೆರವು ಸಿಕ್ಕಿತು ಎಂಬುದನ್ನು ಸಂಜೆ ಮನೆಯಲ್ಲಿ ಹೇಳಿದ. ಯಾಕೆ ಸಿಕ್ಕಿತು ಎಂಬುದನ್ನು ಹೇಳಲಿಲ್ಲ. ಮಗಳು ಸೋಮವಾರ ಕಾಲೇಜಿಗೆ ಸೇರಿದಳು. ಕಿಟಕಿಯ ಕಟ್ಟೆಯ ಮೇಲಿನ ಕಲ್ಲುಗಳಲ್ಲಿ ಒಳಗೆ ಹೊಳೆಯುವ ಒಂದನ್ನು ಜೊತೆಗೆ ಒಯ್ದಳು.